ಬಿಸಿಲು, ಮೀನೆಣ್ಣೆ ಮತ್ತು ಕುರಿಯ ಉಣ್ಣೆ

ಮಾರ್ಗಶಿರದ ಚಳಿ ಕಾಲಿಟ್ಟಿತೆಂದರೆ ಮೈ ಗೀರಿದಲ್ಲೆಲ್ಲ ಬಿಳಿ ಗೆರೆ ಮೂಡುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಬೀದರ್, ವಿಜಯಪುರದ ಕಡೆಯ ಒಣಹವೆಯಲ್ಲಂತೂ ಮಕ್ಕಳ ಕೆನ್ನೆ ಮುಟ್ಟಿದರೆ ಉಪ್ಪುಕಾಗದ ಮುಟ್ಟಿದ ಹಾಗೆ. ಆಗ ಔಷಧಿ ಅಂಗಡಿಯ ಗಾಜಿನ ಕಪಾಟಿನಿಂದ ಕೋಲ್ಡ್ ಕ್ರೀಮಿನ ಡಬ್ಬಿ ಕೆಳಗಿಳಿಯುತ್ತದೆ. ಅದೇ ಅಂಗಡಿಯ ಇನ್ನೊಂದು ಖಾನೆಯಲ್ಲಿ ಡಿ ಜೀವಸತ್ವದ ಮಾತ್ರೆ, ಪುಡಿಯ ಪೊಟ್ಟಣ, ಮಕ್ಕಳ ಹನಿ ಔಷಧಿ ಸಾಲಾಗಿ ಕುಳಿತಿರುತ್ತವೆ. ಮೈಕೈ ನೋವು, ಸುಸ್ತು ಎಂದು ವೈದ್ಯರಲ್ಲಿಗೆ ಹೋದವರು ರಕ್ತಪರೀಕ್ಷೆ ಮಾಡಿಸಿ, ಚೀಟಿ ಹಿಡಿದು ಬಂದು ಕೊಳ್ಳುವ ಸರಕು ಅದು. ಒಂದು ಮೈಗೆ ಹಚ್ಚುವುದು, ಇನ್ನೊಂದು ನುಂಗುವುದು. ಇವೆರಡಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲು ಹೋಗುವುದಿಲ್ಲ. ಆದರೆ ಅನೇಕ ಕ್ರೀಮುಗಳಲ್ಲಿರುವ ಜಿಡ್ಡಿಗೂ ಮಾತ್ರೆಯೊಳಗಿನ ಜೀವಸತ್ವಕ್ಕೂ ಮೂಲ ಒಂದೇ. ಅದು ಕುರಿಯ ಉಣ್ಣೆ.

ಉಣ್ಣೆಯಿಂದ ಮಾತ್ರೆಯವರೆಗಿನ ದಾರಿ ನೇರವಾದದ್ದಲ್ಲ. ಅದು ಇಂಗ್ಲೆಂಡಿನ ಕಲ್ಲಿದ್ದಲ ಹೊಗೆ, ಉತ್ತರ ಸಮುದ್ರದ ಮೀನುಗಾರರ ಪೀಪಾಯಿ, ಯುದ್ಧದಲ್ಲಿ ಸೋತ ವಿಯೆನ್ನಾದ ಹಸಿದ ಮಕ್ಕಳು, ಶ್ರೀನಗರದ ಕತ್ತಲೆ ಕೋಣೆಗಳನ್ನು ಹಾದು ಬಂದಿದೆ. ಉತ್ತರ ಕಣ್ಣೆದುರೇ ಇದ್ದರೂ ಪಂಡಿತರಿಗೆ ನೂರು ವರ್ಷ ಕಾಣದೇ ಹೋದ ಕಥೆ ಇದು. ಆ ನೂರು ವರ್ಷದಲ್ಲಿ ಕಾಲು ಸೊಟ್ಟಗಾದ ಮಕ್ಕಳಿಗೂ ಹೆರಿಗೆಯಲ್ಲಿ ಸತ್ತ ತಾಯಂದಿರಿಗೂ ಲೆಕ್ಕವಿಲ್ಲ.

ಇಂಗ್ಲಿಷ್ ರೋಗ

ಲಂಡನ್ ನಗರದಲ್ಲಿ ಸತ್ತವರ ಲೆಕ್ಕವನ್ನು ಕಾರಣಸಹಿತ ಬರೆದಿಡುವ ಪದ್ಧತಿ ಬಹಳ ಹಿಂದಿನದು. ಆ ಪಟ್ಟಿಯಲ್ಲಿ 1634ರಲ್ಲಿ ‘ರಿಕೆಟ್ಸ್’ ಎಂಬ ಹೊಸ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಆ ವರ್ಷ ಅದಕ್ಕೆ ಬಲಿಯಾದವರೆಂದು ಬರೆದದ್ದು 14 ಮಂದಿ. 1645ರಲ್ಲಿ ಡೇನಿಯಲ್ ವಿಸ್ಲರ್ ಎಂಬ ತರುಣ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಇದರ ಮೇಲೆಯೇ ಪ್ರಬಂಧ ಒಪ್ಪಿಸಿದ. 1650ರಲ್ಲಿ ಕೇಂಬ್ರಿಜ್‌ನ ಪ್ರಾಧ್ಯಾಪಕ ಫ್ರಾನ್ಸಿಸ್ ಗ್ಲಿಸನ್ ಲ್ಯಾಟಿನ್‌ನಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಮಗುವಿನ ತಲೆ ದೊಡ್ಡದಾಗುತ್ತದೆ, ಮಣಿಕಟ್ಟು ಊದುತ್ತದೆ, ಎದೆಯ ಪಕ್ಕೆಲುಬಿನ ತುದಿಗಳಲ್ಲಿ ಮಣಿ ಪೋಣಿಸಿದಂತೆ ಗಂಟು ಮೂಡುತ್ತದೆ, ನಡೆಯಲು ಶುರು ಮಾಡಿದಾಗ ಮೈಭಾರ ತಾಳಲಾರದೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಗ್ಲಿಸನ್ ಲಕ್ಷಣಗಳನ್ನು ಇಷ್ಟು ಚೆನ್ನಾಗಿ ಗುರುತಿಸಿದರೂ ಕಾರಣ ಮಾತ್ರ ಅವನಿಗೆ ಸಿಗಲಿಲ್ಲ. ಯೂರೋಪಿನ ಇತರರು ಇದನ್ನು ‘ಇಂಗ್ಲಿಷ್ ರೋಗ’ ಎಂದೇ ಕರೆದರು.

ಎಲುಬು ಗಟ್ಟಿಯಾಗಬೇಕಾದರೆ ಸುಣ್ಣದಂಶ ಬೇಕು, ರಂಜಕ ಬೇಕು. ತಿಂದ ಆಹಾರದಲ್ಲಿ ಅವೆರಡೂ ಇದ್ದರೆ ಸಾಲದು. ಕರುಳಿನ ಗೋಡೆ ದಾಟಿ ಅವು ರಕ್ತಕ್ಕೆ ಸೇರಬೇಕು. ಆ ಬಾಗಿಲು ತೆರೆಯುವ ಕೀಲಿಕೈ ಡಿ ಜೀವಸತ್ವ. ಇದು ಬಹುಪಾಲು ಆಹಾರದಿಂದ ಬರುವಂಥದ್ದಲ್ಲ; ಬಿಸಿಲು ಬಿದ್ದ ಚರ್ಮ ತಾನೇ ತಯಾರಿಸಿಕೊಳ್ಳುತ್ತದೆ. ಇಂಗ್ಲೆಂಡಿನಷ್ಟು ಉತ್ತರದಲ್ಲಿ ಚಳಿಗಾಲದ ಸೂರ್ಯ ದಿಗಂತದ ಬಳಿಯೇ ತೆವಳುತ್ತಾನೆ. ಓರೆಯಾಗಿ ಬರುವ ಕಿರಣಗಳು ದಪ್ಪ ಗಾಳಿಪದರವನ್ನು ಹಾದು ಬರುವಷ್ಟರಲ್ಲಿ ಚರ್ಮಕ್ಕೆ ಬೇಕಾದ ಅತಿನೇರಳೆ ಭಾಗ ಸೋಸಿಹೋಗಿರುತ್ತದೆ. ಹೊರಗೆ ಬೆಳಕಿರುತ್ತದೆ, ಚರ್ಮದ ಕಾರ್ಖಾನೆ ಮಾತ್ರ ಬೀಗ ಹಾಕಿರುತ್ತದೆ. ಇಂಗ್ಲೆಂಡಿಗಿಂತ ಎಷ್ಟೋ ದಕ್ಷಿಣಕ್ಕಿರುವ ಅಮೆರಿಕದ ಬೋಸ್ಟನ್ನಿನಲ್ಲೂ ನವೆಂಬರಿನಿಂದ ಫೆಬ್ರವರಿಯವರೆಗೆ ಚರ್ಮದಲ್ಲಿ ಡಿ ತಯಾರಾಗುವುದಿಲ್ಲವೆಂದು 1988ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದರು.

ಇದರ ಮೇಲೆ ಕಲ್ಲಿದ್ದಲ ಹೊಗೆ ಸೇರಿತು. ಹಳ್ಳಿ ಬಿಟ್ಟು ಬಂದ ಕೂಲಿಗಾರರು ಇಕ್ಕಟ್ಟಾದ ಗಲ್ಲಿಗಳಲ್ಲಿ, ಒಂದಕ್ಕೊಂದು ಬೆನ್ನು ತಾಗಿಸಿದ ಮನೆಗಳಲ್ಲಿ ತುಂಬಿಕೊಂಡರು. ಸಾಲದೆಂಬಂತೆ 1696ರಿಂದ 1851ರವರೆಗೆ ಇಂಗ್ಲೆಂಡಿನಲ್ಲಿ ಕಿಟಕಿಗಳ ಮೇಲೆ ತೆರಿಗೆಯಿತ್ತು. ತೆರಿಗೆಗೆ ಹೆದರಿ ಜನ ಕಿಟಕಿಗೆ ಇಟ್ಟಿಗೆ ಕಟ್ಟಿದರು. ಕಿಟಕಿಯ ಗಾಜು ಈ ಕಿರಣಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ರೋಗದ ಹೊಣೆಯನ್ನೆಲ್ಲ ಆ ತೆರಿಗೆಯ ಮೇಲೆ ಹೊರಿಸುವಂತಿಲ್ಲ. ಮಕ್ಕಳನ್ನು ಕತ್ತಲೆಯಲ್ಲಿಡುವುದು ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೆ.

ಹುಡುಗಿಯರ ಪಾಡು ಇನ್ನೂ ಕಷ್ಟದ್ದು. ಬಾಲ್ಯದಲ್ಲಿ ಮೆತ್ತಗಾದ ಸೊಂಟದ ಎಲುಬು ಚಪ್ಪಟೆಯಾಗಿ ಗಟ್ಟಿಗೊಂಡರೆ, ಮುಂದೆ ಹೆರಿಗೆಯ ಹೊತ್ತಿಗೆ ಮಗು ಹೊರಬರಲು ದಾರಿಯೇ ಇರುವುದಿಲ್ಲ. ಕೂಸನ್ನು ಒಳಗೇ ತುಂಡರಿಸಿ ತೆಗೆದು ತಾಯಿಯನ್ನು ಉಳಿಸಿಕೊಳ್ಳಲು ನೋಡುವುದು ಆಗಿನ ವೈದ್ಯರಿಗೆ ಗೊತ್ತಿದ್ದ ಕ್ರಮ. 1888ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ಮರ್ಡಾಕ್ ಕ್ಯಾಮರಾನ್ ಎಂಬ ವೈದ್ಯ, ರಿಕೆಟ್ಸ್‌ನಿಂದ ಕುಳ್ಳಾಗಿದ್ದ ಹೆಂಗಸೊಬ್ಬಳ ಹೊಟ್ಟೆ ಕೊಯ್ದು ತಾಯಿ ಮಗು ಇಬ್ಬರನ್ನೂ ಉಳಿಸಿದ. ಇಂದು ಮನೆಮಾತಾಗಿರುವ ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಆ ದಿನಕ್ಕೆ ದೊಡ್ಡ ಸ್ಥಾನವಿದೆ. ಗ್ಲಾಸ್ಗೋದಂಥ ಊರಿನಲ್ಲಿ ಆ ಶಸ್ತ್ರಕ್ರಿಯೆ ಬೆಳೆದದ್ದರ ಹಿಂದೆ ಇದ್ದದ್ದು ಬಿಸಿಲಿನ ಕೊರತೆ.

ಪೀಪಾಯಿಯಲ್ಲಿದ್ದ ಮದ್ದು

ಇತ್ತ ಕಡಲ ಕರೆಯ ಜನರ ಬಳಿ ಒಂದು ಎಣ್ಣೆಯಿತ್ತು. ಕಾಡ್ ಮೀನಿನ ಯಕೃತ್ತುಗಳನ್ನು ಪೀಪಾಯಿಯಲ್ಲಿ ತುಂಬಿ ಕೊಳೆಯಲು ಬಿಟ್ಟರೆ ಮೇಲೆ ತೇಲಿಬರುವ ಎಣ್ಣೆ. ದೀಪಕ್ಕೆ, ಚರ್ಮ ಹದ ಮಾಡಲು, ಮೈಗೆ ಉಜ್ಜಲು, ಕುಡಿಯಲು ಎಲ್ಲಕ್ಕೂ ಅದೇ. ವಾಸನೆಯ ಮಾತು ಬೇಡ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಮ್ಯಾಂಚೆಸ್ಟರಿನ ಆಸ್ಪತ್ರೆ ಸಂಧಿವಾತದ ಬಡ ರೋಗಿಗಳಿಗೆ ಕೊಡಲೆಂದೇ ವರ್ಷಕ್ಕೆ ಹೆಚ್ಚುಕಡಿಮೆ ಒಂದು ದೊಡ್ಡ ಪೀಪಾಯಿಯಷ್ಟು ಎಣ್ಣೆ ಖರ್ಚು ಮಾಡುತ್ತಿತ್ತು. 1824ರಲ್ಲಿ ಜರ್ಮನಿಯ ವೈದ್ಯನೊಬ್ಬ ರಿಕೆಟ್ಸ್ ಮಕ್ಕಳಿಗೆ ಇದರಿಂದ ಗುಣವಾದದ್ದನ್ನು ಬರೆದ. 1850ರ ದಶಕದಲ್ಲಿ ನಾರ್ವೆಯ ಪೀಟರ್ ಮೊಲ್ಲರ್ ಎಂಬ ಔಷಧಿ ವ್ಯಾಪಾರಿ ತಾಜಾ ಯಕೃತ್ತನ್ನು ಹಬೆಯಲ್ಲಿ ಬೇಯಿಸಿ ತಿಳಿ ಎಣ್ಣೆ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಅದು ಬಾಯಿಗಿಡುವಂತಾಯಿತು. ಆದರೂ ದೊಡ್ಡ ವೈದ್ಯರಿಗೆ ಇದು ಬೆಸ್ತರ ಮನೆಮದ್ದು. ಅದರೊಳಗೆ ಅಂಥದ್ದೇನಿದೆ ಎಂದು ಕೇಳಿದರೆ ಉತ್ತರವಿಲ್ಲ. ಹೀಗಾಗಿ ಅದನ್ನು ಒಬ್ಬ ಬರೆದುಕೊಟ್ಟರೆ ಮತ್ತೊಬ್ಬ ನಕ್ಕುಬಿಡುತ್ತಿದ್ದ.

1889ರಲ್ಲಿ ಲಂಡನ್ ಮೃಗಾಲಯದಲ್ಲಿ ನಡೆದದ್ದನ್ನು ನೋಡಿದರೆ ಈ ಮೊಂಡುತನ ಇನ್ನೂ ಸೋಜಿಗವೆನಿಸುತ್ತದೆ. ಅಲ್ಲಿ ಹುಟ್ಟಿದ ಸಿಂಹದ ಮರಿಗಳು ಒಂದೂ ಉಳಿಯುತ್ತಿರಲಿಲ್ಲ. ಬಡಕಲು ಕುದುರೆ ಮಾಂಸ ತಿಂದು ಬೆಳೆಯುತ್ತಿದ್ದ ಅವುಗಳ ಎಲುಬು ಬಾಗಿಹೋಗುತ್ತಿತ್ತು. ಜಾನ್ ಬ್ಲ್ಯಾಂಡ್ ಸಟನ್ ಎಂಬ ಶಸ್ತ್ರವೈದ್ಯ ಪುಡಿ ಮಾಡಿದ ಎಲುಬು, ಹಾಲು ಮತ್ತು ಮೀನೆಣ್ಣೆ ಕೊಡಿ ಎಂದ. ಮೂರು ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ಸಿಂಹಕ್ಕೆ ಆದದ್ದು ಅದೇ ನಗರದ ಮಕ್ಕಳಿಗೂ ಆದೀತೆಂದು ಪ್ರಯೋಗಶಾಲೆಯಲ್ಲಿ ಖಚಿತವಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ಬಿಸಿಲಿನ ಪಕ್ಷದವರು

ಇನ್ನೊಂದು ಸುಳಿವು ಬಿಸಿಲಿನದು. ಪೋಲೆಂಡಿನ ವೈದ್ಯ ಯೆಂಜೆಯ್ ಸ್ನಿಯಾಡೆಟ್ಸ್ಕಿ 1822ರಲ್ಲೇ ಇದನ್ನು ಗುರುತಿಸಿದ್ದ. ವಾರ್ಸಾ ನಗರದೊಳಗಿನ ಮಕ್ಕಳಿಗೆ ರಿಕೆಟ್ಸ್ ಬರುತ್ತದೆ, ಸುತ್ತಲ ಹಳ್ಳಿಗಳ ಮಕ್ಕಳಿಗೆ ಬರುವುದಿಲ್ಲ. ಮಕ್ಕಳನ್ನು ಬಯಲಿಗೆ ಒಯ್ದು ನೇರ ಬಿಸಿಲಿಗೆ ಒಡ್ಡಿ ಎಂದು ಅವನು ಬರೆದ. ಯಾರೂ ಕಿವಿಗೊಡಲಿಲ್ಲ.

ಥಿಯೊಬಾಲ್ಡ್ ಪಾಮ್ ಎಂಬ ವೈದ್ಯ ಮಿಷನರಿಯ ಕಥೆಯೂ ಅಂಥದ್ದೇ. ಈತ ಜಪಾನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದ. ಊರಿಗೆ ಬಂದು ನೋಡಿದರೆ ಬೀದಿ ಬೀದಿಯಲ್ಲಿ ಸೊಟ್ಟಕಾಲಿನ ಮಕ್ಕಳು! ಜಪಾನಿನಲ್ಲಿ ಇಂಥವರನ್ನು ಕಂಡ ನೆನಪೇ ಅವನಿಗಿರಲಿಲ್ಲ. ಚೀನಾ, ಭಾರತ ಮೊದಲಾದ ಕಡೆ ಇದ್ದ ಮಿಷನರಿ ವೈದ್ಯರಿಗೆ ಕಾಗದ ಬರೆದು ವಿಚಾರಿಸಿದ. ಅಲ್ಲಿನ ಬಡವರ ಊಟ ಇಂಗ್ಲೆಂಡಿನ ಬಡವರದ್ದಕ್ಕಿಂತ ಕಳಪೆ, ಮನೆ ಇನ್ನೂ ಕೊಳಕು. ಆದರೂ ರಿಕೆಟ್ಸ್ ಅಪರೂಪ. ವ್ಯತ್ಯಾಸ ಒಂದೇ, ಬಿಸಿಲು. 1890ರಲ್ಲಿ ಅವನು ಇದನ್ನು ಪ್ರಕಟಿಸಿದ. ಊರೂರಲ್ಲಿ ಬಿಸಿಲಿನ ಪ್ರಮಾಣ ಅಳೆಯಬೇಕು, ಮಕ್ಕಳಿಗೆ ಕ್ರಮವಾಗಿ ಬಿಸಿಲು ಕಾಯಿಸಬೇಕು ಎಂದ. ಅಂಚೆ ಚೀಟಿ ಬಿಟ್ಟರೆ ಬೇರೇನೂ ಬೇಡದ ಸಂಶೋಧನೆ ಅದು. ಆದರೆ ಅದು ರೋಗಾಣುಗಳ ಯುಗ. ಪ್ರತಿ ರೋಗಕ್ಕೂ ಸೂಕ್ಷ್ಮದರ್ಶಕದಲ್ಲಿ ಒಂದು ಕ್ರಿಮಿ ಕಾಣಬೇಕೆಂದು ವಿಜ್ಞಾನಿಗಳು ಪಟ್ಟು ಹಿಡಿದಿದ್ದ ಕಾಲ. ಹಳ್ಳಿ ವೈದ್ಯನೊಬ್ಬನ ಬಿಸಿಲಿನ ಮಾತು ಯಾರಿಗೆ ಬೇಕು?

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಎರಡು ಪಕ್ಷಗಳು ಎದುರುಬದುರು ನಿಂತವು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲ್ಲನ್‌ಬಿ ನಾಯಿಮರಿಗಳನ್ನು ಒಳಗೇ ಇಟ್ಟು ಬರೀ ಓಟ್ಸ್ ಗಂಜಿಯಂಥ ಆಹಾರ ಕೊಟ್ಟು ರಿಕೆಟ್ಸ್ ಬರಿಸಿದ. ಮೀನೆಣ್ಣೆ ಕೊಟ್ಟು ವಾಸಿ ಮಾಡಿದ. ಹಾಗಾಗಿ ರೋಗ ಆಹಾರದ್ದು ಎಂದ. ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ನಾಲ್ಕು ಮಕ್ಕಳ ಮೇಲೆ ಪಾದರಸದ ದೀಪದ ಅತಿನೇರಳೆ ಬೆಳಕು ಹಾಯಿಸಿದ. ಕ್ಷಕಿರಣ ಚಿತ್ರದಲ್ಲಿ ಎಲುಬು ಗಟ್ಟಿಯಾಗುತ್ತ ಬಂದದ್ದು ಕಂಡಿತು. ಬಳಿಕ ಮಗುವಿನ ಒಂದೇ ತೋಳಿಗೆ ಬೆಳಕು ಬಿಟ್ಟು ನೋಡಿದರೆ ಬೆಳಕು ಬೀಳದ ಇನ್ನೊಂದು ತೋಳಿನ ಎಲುಬೂ ವಾಸಿಯಾಗಿತ್ತು! ಹಾಗಾದರೆ ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಹರಿದುಹೋಗಿದೆ ಎಂದಾಯಿತು. ಇವನ ಪ್ರಕಾರ ರೋಗ ಬೆಳಕಿನದು.

ಇಬ್ಬರದೂ ನಿಜ ಎಂದು ತೋರಿಸಿಕೊಟ್ಟವಳು ಹ್ಯಾರಿಯೆಟ್ ಚಿಕ್ ಎಂಬ ಇಂಗ್ಲಿಷ್ ವಿಜ್ಞಾನಿ. ಯುದ್ಧದಲ್ಲಿ ಸೋತ ವಿಯೆನ್ನಾದಲ್ಲಿ ಹಾಲಿಗೂ ಬೆಣ್ಣೆಗೂ ಬರ. ಶತ್ರುದೇಶದಿಂದ ಬಂದ ಹೆಣ್ಣುಮಗಳು ಬೆನ್ನಿಗೆ ಒಂದು ತಂಡ ಕಟ್ಟಿಕೊಂಡು ಅಲ್ಲಿನ ಮಕ್ಕಳ ಆಸ್ಪತ್ರೆಗೆ ಬಂದಾಗ, ತಮ್ಮ ವಿದ್ಯೆಗೆ ಇವಳೇನು ಸೇರಿಸಿಯಾಳು ಎಂದು ಅಲ್ಲಿನ ವೈದ್ಯರು ಅನುಮಾನಪಟ್ಟದ್ದು ಸಹಜ. 1919ರಿಂದ 1922ರವರೆಗೆ ಅವಳು ಋತು ಋತುವಿಗೂ ಲೆಕ್ಕವಿಟ್ಟಳು. ಚಳಿಗಾಲದಲ್ಲಿ ಸಾಧಾರಣ ಆಹಾರದ ಶಿಶುಗಳಿಗೆ ರಿಕೆಟ್ಸ್ ಬಂತು. ಮೀನೆಣ್ಣೆ ಕುಡಿದವರಿಗೆ ಬರಲಿಲ್ಲ. ದೀಪದ ಬೆಳಕು ಕಂಡವರಿಗೂ ಬರಲಿಲ್ಲ. ಬೇಸಿಗೆಯಲ್ಲಿ ಹೊರಗೆ ಮಲಗಿಸಿದರೆ ಎಣ್ಣೆ, ದೀಪ ಎರಡೂ ಬೇಡವಾಯಿತು. ಬೆಸ್ತರ ಎಣ್ಣೆ ಮತ್ತು ಸೂರ್ಯ ಮಾಡುವ ಕೆಲಸ ಒಂದೇ ಎಂಬುದು ಸ್ಪಷ್ಟವಾಯಿತು.

ಉಳಿದದ್ದು ಬೇಗ ಬೇಗ ನಡೆಯಿತು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮೀನೆಣ್ಣೆಯನ್ನು ಕಾಯಿಸಿ ಗಾಳಿಯೂದಿ ಅದರ ಎ ಜೀವಸತ್ವವನ್ನು ನಾಶ ಮಾಡಿ ನೋಡಿದ. ರಿಕೆಟ್ಸ್ ಗುಣಪಡಿಸುವ ಶಕ್ತಿ ಆಗಲೂ ಉಳಿದಿತ್ತು. ಎ, ಬಿ, ಸಿ ಹೆಸರುಗಳು ಆಗಲೇ ಖರ್ಚಾಗಿದ್ದವು. ಇದಕ್ಕೆ ಡಿ ಎಂದಾಯಿತು. 1924ರಲ್ಲಿ ವಿಸ್ಕಾನ್ಸಿನ್‌ನ ಹ್ಯಾರಿ ಸ್ಟೀನ್‌ಬಾಕ್ ಪ್ರಾಣಿಗಳಿಗಷ್ಟೇ ಅಲ್ಲ, ಅವುಗಳ ಆಹಾರಕ್ಕೆ ಅತಿನೇರಳೆ ಬೆಳಕು ತೋರಿಸಿದರೂ ಸಾಕೆಂದು ಕಂಡುಕೊಂಡ. ಒಂದು ಆಹಾರ ಕಂಪೆನಿ ಈ ವಿದ್ಯೆಗೆ ಸುಮಾರು 9 ಲಕ್ಷ ಡಾಲರ್ ಕೊಡಲು ಬಂತು. ಸ್ಟೀನ್‌ಬಾಕ್ ಕೊಡಲಿಲ್ಲ. ಸ್ವಂತ ದುಡ್ಡಿನಲ್ಲಿ ಪೇಟೆಂಟ್ ಪಡೆದು ವಿಶ್ವವಿದ್ಯಾಲಯದ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿಬಿಟ್ಟ. ನ್ಯೂಯಾರ್ಕಿನ ಆಲ್ಫ್ರೆಡ್ ಹೆಸ್ ಅದೇ ಕಾಲದಲ್ಲಿ ಮಾಡಿದ ಪ್ರಯೋಗ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಮನುಷ್ಯ ಚರ್ಮದ ತುಣುಕಿಗೆ ಅತಿನೇರಳೆ ಬೆಳಕು ಬಿಟ್ಟು ಇಲಿಗಳಿಗೆ ತಿನ್ನಿಸಿದ. ಇಲಿಗಳಿಗೆ ರಿಕೆಟ್ಸ್ ಬರಲಿಲ್ಲ. ಬೆಳಕು ಕಾಣದ ಚರ್ಮ ತಿಂದ ಇಲಿಗಳಿಗೆ ಬಂತು. ಔಷಧಿ ತಯಾರಾಗುವ ಜಾಗ ಚರ್ಮವೇ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಈ ವಸ್ತುಗಳ ರಸಾಯನವನ್ನು ಬಿಡಿಸಿದ ಜರ್ಮನಿಯ ಅಡಾಲ್ಫ್ ವಿಂಡಾಸ್‌ಗೆ 1928ರಲ್ಲಿ ನೊಬೆಲ್ ಬಂತು.

ಬಿಸಿಲ ನಾಡಿನ ಕತ್ತಲೆ

ಭಾರತಕ್ಕೆ ಬಿಸಿಲಿನ ಬಡತನವಿಲ್ಲ. ಹಾಗೆಂದು ಇಲ್ಲಿ ರೋಗವಿರಲಿಲ್ಲವೆ? 1922ರಲ್ಲಿ ಹಚಿಸನ್ ಮತ್ತು ಶಾ ಎಂಬ ಇಬ್ಬರು ವೈದ್ಯರು ನಾಸಿಕದ ಕಡೆ ಮಾಡಿದ ಅಧ್ಯಯನ ಪ್ರಕಟವಾಯಿತು. ಹೊಲದಲ್ಲಿ ದುಡಿಯುವ, ಒಣ ರೊಟ್ಟಿ ತಿನ್ನುವ ಬಡವರ ಮಕ್ಕಳ ಎಲುಬು ನೆಟ್ಟಗಿತ್ತು. ಹಾಲು ತುಪ್ಪ ಕಂಡ ಸ್ಥಿತಿವಂತರ ಮನೆಯ, ಗೋಷಾದೊಳಗೆ ಬೆಳೆದ ಮಕ್ಕಳಲ್ಲಿ ರಿಕೆಟ್ಸ್ ಇತ್ತು. ಸಿರಿವಂತರನ್ನು ಹುಡುಕಿ ಹಿಡಿಯುವ ಇಂಥ ಕೊರತೆಯ ರೋಗ ಬೇರೊಂದು ಸಿಗಲಾರದು.

ಶ್ರೀನಗರದ ಹೆಂಗಸರ ಆಸ್ಪತ್ರೆಯಲ್ಲಿದ್ದ ವೈದ್ಯೆ ಕ್ಯಾಥ್ಲೀನ್ ವಾನ್ ಕಂಡದ್ದು ಇನ್ನೂ ಕರುಣಾಜನಕ. ಝೀಲಂ ನದಿಯ ಮೇಲೆ ದೋಣಿ ನಡೆಸುವ ಹೆಂಗಸರು ಸಲೀಸಾಗಿ ಹೆರುತ್ತಿದ್ದರು. ಅದೇ ಊರಿನ ಒಳಗೇರಿಗಳಲ್ಲಿ, ಉದ್ದನೆಯ ಚಳಿಗಾಲವನ್ನು ಮುಚ್ಚಿದ ಕೋಣೆಯಲ್ಲಿ ಕಳೆಯುವ ಗೋಷಾ ಹೆಂಗಸರ ಸೊಂಟದ ಎಲುಬು ಮೆದುವಾಗಿ ಕುಸಿದು, ಹೆರಿಗೆಯೆಂದರೆ ಜೀವದ ಹೋರಾಟವಾಗುತ್ತಿತ್ತು. 1926ರಿಂದ 1928ರ ನಡುವೆ ವಾನ್ ಇದನ್ನು ಬರೆದು ಪ್ರಕಟಿಸಿದಳು. ಮ್ಯಾಂಚೆಸ್ಟರಿನ ಹೊಗೆ ಮಾಡಿದ ಕೆಲಸವನ್ನು ಇಲ್ಲಿ ಗೋಡೆ ಮಾಡಿತ್ತು.

ಕನ್ನಡ ನಾಡಿನ ಬಾಣಂತಿ ಕೋಣೆಗಳೂ ಬೆಳಕಿನ ಕೋಣೆಗಳಾಗಿರಲಿಲ್ಲ. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆ ಇಟ್ಟು, ಧೂಪ ಹಾಕಿ, ಕುಲಾವಿ ಕಟ್ಟಿದ ಕೂಸನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸುವುದು ಪದ್ಧತಿ. ಆದರೆ ಅದೇ ಅಜ್ಜಿಯರು ಎಣ್ಣೆ ತಿಕ್ಕಿದ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಹಿತ್ತಿಲ ಎಳೆಬಿಸಿಲು ಕಾಯಿಸುತ್ತಿದ್ದದ್ದೂ ಉಂಟು. ಕರಾವಳಿಗೆ ಮೀನೆಣ್ಣೆಯ ಪರಿಚಯ ಬೇರೆ ಥರದ್ದು. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಎಣ್ಣೆ ಬರುವುದು ನಿಂತಾಗ ಮದರಾಸು ಸರ್ಕಾರ ಕಲ್ಲಿಕೋಟೆಯಲ್ಲಿ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆ ತೆಗೆಯಲು ಕಾರ್ಖಾನೆ ಹಾಕಿತು. ದಕ್ಷಿಣ ಕನ್ನಡ ಆಗ ಅದೇ ಪ್ರಾಂತ್ಯದ ಜಿಲ್ಲೆ. ಶಾರ್ಕ್ ಎಣ್ಣೆಯಲ್ಲಿ ಎ ಜೀವಸತ್ವ ಧಾರಾಳ, ಡಿ ಕಡಿಮೆ. ಹಾಗಾಗಿ ಅದು ಕಣ್ಣಿಗೆ ಒದಗಿದಷ್ಟು ಎಲುಬಿಗೆ ಒದಗುತ್ತಿರಲಿಲ್ಲ.

ಉಣ್ಣೆಯ ಜಿಡ್ಡು

ಈಗ ಕುರಿಯ ವಿಷಯಕ್ಕೆ ಬರಬಹುದು. ಮಳೆಗೆ, ಚಳಿಗೆ ಉಣ್ಣೆ ತೋಯ್ದು ಹೋಗದಿರಲಿ ಎಂದು ಕುರಿಯ ಚರ್ಮ ಒಂದು ಬಗೆಯ ಮೇಣದಂಥ ಜಿಡ್ಡು ಸುರಿಸುತ್ತದೆ. ಉಣ್ಣೆ ತೊಳೆದ ನೀರಿನಿಂದ ಈ ಜಿಡ್ಡನ್ನು ಬೇರ್ಪಡಿಸಿ ಮುಲಾಮು ಮಾಡುವುದು ಗ್ರೀಕರಿಗೂ ರೋಮನರಿಗೂ ಗೊತ್ತಿತ್ತು. ಡಯೊಸ್ಕೊರಿಡಿಸ್ ಅದರ ವಿಧಾನವನ್ನೇ ಬರೆದಿಟ್ಟಿದ್ದಾನೆ. ನಾರುವ ಈ ಪದಾರ್ಥವನ್ನು 1882ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್ರೈಖ್ ಶುದ್ಧಗೊಳಿಸಿ ‘ಲ್ಯಾನೋಲಿನ್’ ಎಂದು ಹೆಸರಿಟ್ಟ. ಬಳಿಕ ಐಸಾಕ್ ಲಿಫ್ಶುಟ್ಸ್ ಎಂಬ ರಸಾಯನಶಾಸ್ತ್ರಜ್ಞ ಅದರಿಂದಲೇ ಎಣ್ಣೆಯನ್ನೂ ನೀರನ್ನೂ ಬಿಡದಂತೆ ಬೆಸೆಯುವ ವಸ್ತುವನ್ನು ತೆಗೆದ. ಅದನ್ನು ಬಳಸಿ 1911ರಲ್ಲಿ ಹ್ಯಾಂಬರ್ಗಿನ ಕಂಪೆನಿಯೊಂದು ಮಾರುಕಟ್ಟೆಗೆ ತಂದದ್ದೇ ನಿವಿಯಾ. ಹಿಮದಂತೆ ಬಿಳುಪು ಎಂಬುದು ಹೆಸರಿನ ಅರ್ಥ.

ಚಳಿಗಾಲದಲ್ಲಿ ಚರ್ಮ ಒಡೆಯುವುದೇಕೆ? ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯಿದ್ದಂತೆ. ಸತ್ತ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವಿನ ಕೊಬ್ಬು ಗಾರೆ. ಒಣಗಾಳಿ ನೀರನ್ನು ಹೀರುತ್ತದೆ, ಸುಡುನೀರಿನ ಸ್ನಾನ ಮತ್ತು ಸೋಪು ಗಾರೆಯನ್ನೇ ತೊಳೆದುಬಿಡುತ್ತವೆ. ಚಳಿಯೆಂದು ಹೆಚ್ಚು ಹೆಚ್ಚು ಬಿಸಿನೀರು ಸುರಿದುಕೊಂಡಷ್ಟೂ ಮೈ ಬಿರಿಯುವುದು ಇದಕ್ಕೇ. ಮೈ ಪೂರ್ತಿ ಒಣಗುವ ಮೊದಲೇ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿದರೆ ಒಳಗಿನ ನೀರು ಉಳಿಯುತ್ತದೆ. ಚಳಿ ಶುರುವಾಗುವ ಹೊತ್ತಿಗೆ ಬರುವ ನರಕ ಚತುರ್ದಶಿಯ ಎಣ್ಣೆಸ್ನಾನದ ಲೆಕ್ಕಾಚಾರ ಯಾರು ಹಾಕಿದರೋ, ಹವೆಯನ್ನು ಬಲ್ಲವರೇ ಇರಬೇಕು.

ಆ ಗಾರೆಯಲ್ಲಿ ಕೊಲೆಸ್ಟ್ರಾಲ್ ಒಂದು ಮುಖ್ಯ ಪದಾರ್ಥ. ಚರ್ಮದಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಕೊನೆಯ ಹಂತದಲ್ಲಿರುವ ವಸ್ತುವಿಗೇ ಬಿಸಿಲು ತಾಗಿ ಡಿ ಜೀವಸತ್ವ ಹುಟ್ಟುವುದು. ಇಂದಿನ ಔಷಧ ಕಾರ್ಖಾನೆಗಳು ಮಾಡುವುದೂ ಇದನ್ನೇ. ಉಣ್ಣೆಯ ಜಿಡ್ಡಿನಿಂದ ಕೊಲೆಸ್ಟ್ರಾಲ್ ತೆಗೆದು, ಅದನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿ, ಅತಿನೇರಳೆ ದೀಪದ ಕೆಳಗೆ ಹಾಯಿಸುತ್ತವೆ. ಚರ್ಮ ಬಿಸಿಲಲ್ಲಿ ಮಾಡುವ ಕೆಲಸವನ್ನೇ ಕೊಳವೆಯಲ್ಲಿ ಮಾಡಿ, ಮಾತ್ರೆಯಾಗಿ ಒತ್ತುತ್ತವೆ. ಬೆಸ್ತರ ಪೀಪಾಯಿಯ ಜಾಗಕ್ಕೆ ಉಣ್ಣೆ ತೊಳೆಯುವ ತೊಟ್ಟಿ ಬಂದಿದೆ.

ಹಾಗೆಂದು ಕ್ರೀಮು ಹಚ್ಚಿದರೆ ಡಿ ಬರುವುದಿಲ್ಲ. ಮಾತ್ರೆ ನುಂಗಿದರೆ ಸಾಮಾನ್ಯ ಒಣಚರ್ಮ ನುಣುಪಾಗುವುದೂ ಇಲ್ಲ. ಒಂದು ಅಪವಾದವನ್ನು ಮಾತ್ರ ಹೇಳಬಹುದು. ಮಂಗೋಲಿಯಾದ ಉಲಾನ್ ಬಾತರಿನಲ್ಲಿ ಪ್ರತಿ ಚಳಿಗಾಲಕ್ಕೆ ತುರಿಕೆಯ ಇಸುಬು ಉಲ್ಬಣಿಸುತ್ತಿದ್ದ 107 ಮಕ್ಕಳ ಪೈಕಿ ಕೆಲವರಿಗೆ ಒಂದು ತಿಂಗಳು ದಿನಕ್ಕೆ 1,000 ಯೂನಿಟ್ ಡಿ ಕೊಟ್ಟಾಗ, ಹುಸಿ ಔಷಧಿ ಪಡೆದವರಿಗಿಂತ ಅವರ ಇಸುಬು ತಗ್ಗಿತು ಎಂದು 2014ರಲ್ಲಿ ವರದಿಯಾಯಿತು. ಆ ಊರಿನ ಚಳಿಯೂ ಸಾಮಾನ್ಯದ್ದಲ್ಲ.

ಅಮೃತವೂ ಅತಿಯಾದಾಗ

ಮದ್ದು ಸಿಕ್ಕಿತೆಂದರೆ ಅದನ್ನು ಸುರಿಯುವ ಆತುರ. ಯುದ್ಧಕಾಲದ ಬ್ರಿಟನ್ ಎಳೆಮಕ್ಕಳಿಗೆ ಮೀನೆಣ್ಣೆ ಹಂಚಿತು. ಹಾಲಿನ ಪುಡಿಗೂ ಡಿ ಬೆರೆಸಿತು, ಶಿಶು ಆಹಾರಕ್ಕೂ ಬೆರೆಸಿತು. ರಿಕೆಟ್ಸ್ ಓಡಿತು. ಆದರೆ 1950ರ ದಶಕದ ಮೊದಲ ವರ್ಷಗಳಲ್ಲಿ ಕೆಲವು ಶಿಶುಗಳು ಊಟ ಬಿಟ್ಟು, ವಾಂತಿ ಮಾಡಿಕೊಂಡು ಬಾಡತೊಡಗಿದವು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. 1957ರಲ್ಲಿ ಸರ್ಕಾರ ಬೆರಕೆಯ ಪ್ರಮಾಣ ಇಳಿಸಿತು. ಎಲ್ಲ ಮಕ್ಕಳಿಗೂ ಅಲ್ಲ, ಕೆಲವರಿಗಷ್ಟೇ ಹೀಗೇಕಾಯಿತು ಎಂಬುದು ಬಹುಕಾಲ ಒಗಟಾಗಿತ್ತು. ಡಿ ಜೀವಸತ್ವವನ್ನು ಕರಗಿಸುವ ವಂಶವಾಹಿಯ ದೋಷ ಅಂಥ ಕೆಲವು ಶಿಶುಗಳಲ್ಲಿ ಇರುತ್ತದೆಂದು 2011ರಲ್ಲಿ ತಿಳಿಯಿತು. ಬಿಸಿಲಿನಿಂದ ಈ ಅಪಾಯವಿಲ್ಲ. ಚರ್ಮದಲ್ಲಿ ಹೆಚ್ಚಾದ ಡಿಯನ್ನು ಬಿಸಿಲೇ ಒಡೆದುಹಾಕುತ್ತದೆ. ನುಂಗಿದ್ದಕ್ಕೆ ಅಂಥ ಕಡಿವಾಣವಿಲ್ಲ.

ಬೆರಕೆ ಇಳಿದ ಕೆಲವೇ ವರ್ಷಗಳಲ್ಲಿ, 1960ರ ದಶಕದಲ್ಲಿ, ರಿಕೆಟ್ಸ್ ಗ್ಲಾಸ್ಗೋಗೆ ಮರಳಿತು. ಈ ಬಾರಿ ಸೊಟ್ಟಗಾದದ್ದು ಭಾರತ, ಪಾಕಿಸ್ತಾನಗಳಿಂದ ವಲಸೆ ಹೋದವರ ಮಕ್ಕಳ ಕಾಲು. ಕಪ್ಪು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಸ್ಕಾಟ್‌ಲೆಂಡಿನಲ್ಲಿ ಅದೆಲ್ಲಿ ಸಿಗಬೇಕು? 1970ರ ದಶಕದಲ್ಲಿ ಚಪಾತಿ ಹಿಟ್ಟಿಗೆ ಡಿ ಬೆರೆಸಿ ಪ್ರಯೋಗ ಮಾಡಿದರೆ ಫಲ ಕಂಡಿತು. ಬಿಳಿಯರ ಮಾರ್ಗರೀನಿಗೆ ಡಿ ಬೆರೆಸುತ್ತಿದ್ದ ದೇಶ ಚಪಾತಿ ಹಿಟ್ಟಿಗೆ ಬೆರೆಸಲು ಮಾತ್ರ ಒಪ್ಪಲಿಲ್ಲ. 1979ರಿಂದ ಗ್ಲಾಸ್ಗೋ ಆರೋಗ್ಯಾಧಿಕಾರಿಗಳು ಹನಿ ಔಷಧಿಯನ್ನು ಉಚಿತವಾಗಿ ಹಂಚಿ ರೋಗವನ್ನು ಹಿಡಿತಕ್ಕೆ ತಂದರು. 2016ರಿಂದ ಬ್ರಿಟನ್ನಿನ ಸಲಹೆ ಎಲ್ಲರಿಗೂ ಒಂದೇ: ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್. ಅಲ್ಲಿ ನೆಲೆಸಿರುವ ಕನ್ನಡಿಗರಂಥ ಕಂದುಚರ್ಮದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದೂ ಆ ಸಲಹೆಯಲ್ಲಿದೆ.

ಬೆಂಗಳೂರಿನ ಸೂರ್ಯ ಪುಷ್ಯಮಾಸದಲ್ಲೂ ಬೇಕಾದಷ್ಟು ಮೇಲೇರುತ್ತಾನೆ. ಆದರೂ ದೆಹಲಿಯಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತರೆನಿಸಿಕೊಂಡ ವೈದ್ಯರಲ್ಲೇ ಡಿ ತೀರ ಕಡಿಮೆಯಿತ್ತು. ಬಯಲಲ್ಲಿ ಕವಾಯತು ಮಾಡುವ ಸೈನಿಕರಲ್ಲಿ ಹೆಚ್ಚಿತ್ತು. ನಾಸಿಕದಲ್ಲಿ ಕಂಡದ್ದೇ ಮತ್ತೆ ಕಂಡಿತು; ಗೋಷಾದ ಬದಲು ಕಚೇರಿ ಇತ್ತು. ಇನ್ನು ಎಳೆಬಿಸಿಲಿನ ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಮುಂಜಾನೆಯ ಓರೆ ಬಿಸಿಲು ಹಿತ, ಆದರೆ ಇಂಗ್ಲೆಂಡಿನ ಚಳಿಗಾಲದ ಬಿಸಿಲಿನಂತೆ ಅದರಲ್ಲೂ ಬೇಕಾದ ಕಿರಣ ಕಡಿಮೆ. ಮೈಯ ನೆರಳು ಮೈಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಿಗೇ ಶಕ್ತಿ. ಕೈ, ಕಾಲು, ಮುಖಕ್ಕೆ ಅದು ಸ್ವಲ್ಪ ಹೊತ್ತು ಬಿದ್ದರೆ ಸಾಕು, ಚರ್ಮ ಕೆಂಪಾಗುವ ತನಕ ಕಾಯಬೇಕಾಗಿಲ್ಲ. ಕೂಸುಗಳನ್ನು ಆ ಬಿಸಿಲಿಗೆ ಹಿಡಿಯುವಂತಿಲ್ಲ.

ಮಾತ್ರೆಯ ಮೇಲಿನ ಭರವಸೆಯೂ ಕೆಲವೊಮ್ಮೆ ಅತಿಯಾಗಿದೆ. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 2,000 ಯೂನಿಟ್ ಡಿ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಆಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಕೊರತೆ ಇಲ್ಲದವರ ಎಲುಬು ಮುರಿಯುವುದೂ ತಪ್ಪಲಿಲ್ಲ ಎಂದು 2022ರಲ್ಲಿ ತಿಳಿಯಿತು. ಭಾರತದ ಅಂಗಡಿಗಳಲ್ಲಿ ಸಿಗುವ 60,000 ಯೂನಿಟ್‌ನ ಪೊಟ್ಟಣ ತೂಕದಲ್ಲಿ ಒಂದೂವರೆ ಮಿಲಿಗ್ರಾಂ ಜೀವಸತ್ವ ಮಾತ್ರ. ಕೊರತೆ ಇರುವವರಿಗೆ ವಾರಕ್ಕೊಂದರಂತೆ ಕೆಲವು ವಾರ ಎಂದು ವೈದ್ಯರು ಬರೆದದ್ದನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿ, ವಾಂತಿ, ಮಂಕು, ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದವರ ವರದಿಗಳು ಕಾಶ್ಮೀರದಿಂದಲೂ ದೆಹಲಿಯಿಂದಲೂ ಬಂದಿವೆ.

ಭಾರತದ ಮಕ್ಕಳ ವೈದ್ಯರ ಸಂಘಟನೆ ಹುಟ್ಟಿದ ಕೂಸಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿ ಔಷಧಿ ಕೊಡಲು ಹೇಳುತ್ತದೆ. ತಾಯಿಯ ಹಾಲಿನಲ್ಲಿ ಡಿ ಬಹಳ ಕಡಿಮೆ. ಮಾರುಕಟ್ಟೆಯಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್ ಇರುವ ಶೀಸೆಯೂ ಇದೆ, 800 ಇರುವ ಶೀಸೆಯೂ ಇದೆ. ಎರಡರ ಪೆಟ್ಟಿಗೆಯೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.